ಹಟ್ಟಿ ತೊಳೆದ ನೀರಿಗೆ ಗೆರಟೆ ಇದ್ದಿಲು ಮಾತ್ರ ಸಾಲದು, ಮುರಕಲ್ಲೂ ಬೇಕು

ಪೆರ್ಲದ ಅಕ್ಕ, ನಿಮ್ಮ ಪ್ರಶ್ನೆ ನಿನ್ನೆಯಿಂದ ತಲೆಯಲ್ಲೇ ಇತ್ತು. ನಾಲ್ಕು ದನ, ಹಟ್ಟಿ ತೊಳೆದ ನೀರು ಚರಂಡಿಯಲ್ಲಿ ಇಳಿದು ಕೆರೆ ಸೇರುತ್ತದೆ. ಸುರಂಗದಿಂದ (ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಬಿಲ) ಬರುವ ನೀರು ತಿಳಿಯಾಗಿದ್ದರೂ ಕೆರೆ ಮಾತ್ರ ಹಸಿರು. ಚರಂಡಿಯಲ್ಲಿ ಗೆರಟೆ (ತೆಂಗಿನ ಚಿಪ್ಪು) ಇದ್ದಿಲಿನ ಗೋಣಿ ಇಟ್ಟರೆ ಪಾಚಿ ಹೋಗುತ್ತದಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನು ಅದನ್ನೇ ಮಾಡಿದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ, ಎರಡು ದನ. ನಾಲ್ಕು ಗೋಣಿ ಗೆರಟೆ ಇದ್ದಿಲು ಚರಂಡಿಗೆ ಅಡ್ಡ ಇಟ್ಟೆ. ವಾರದೊಳಗೆ ವಾಸನೆ ಇಳಿಯಿತು, ನೀರಿನ ಕಂದು ಬಣ್ಣವೂ ತೆಳುವಾಯಿತು. ಆದರೆ ಕೆರೆಯ ಹಸಿರು ಹಾಗೇ ಉಳಿಯಿತು. ಪಾಚಿಗೆ ಆಹಾರವಾಗುವ ಫಾಸ್ಫೇಟ್ ಎಷ್ಟಿದೆ ಅಂತ ಅಕ್ವೇರಿಯಂ ಅಂಗಡಿಯಿಂದ ಟೆಸ್ಟ್ ಕಿಟ್ ತಂದು ನೋಡಿದರೆ, ಇದ್ದಿಲು ದಾಟಿ ಬಂದ ನೀರಿನಲ್ಲಿ ಫಾಸ್ಫೇಟ್ ಮೊದಲಿಗಿಂತ ಜಾಸ್ತಿ ಇತ್ತು. ಇದ್ದಿಲಿನ ಬೂದಿ ತೊಳೆಯದೆ ಹಾಕಿದ್ದೆ. ಬೂದಿಯಲ್ಲೇ ರಂಜಕ (ಫಾಸ್ಫರಸ್) ಇರುತ್ತದೆ, ಅದು ಫಾಸ್ಫೇಟ್ ಆಗಿ ಕರಗಿ ನೀರಿಗೆ ಇಳಿದಿತ್ತು.

ತೊಳೆದು ಹಾಕಿದರೂ ಇದ್ದಿಲು ಫಾಸ್ಫೇಟನ್ನು ಹಿಡಿಯುವುದು ತೀರಾ ಕಡಿಮೆ. ಯಾಕೆಂದರೆ ಹಟ್ಟಿ ನೀರಿನಲ್ಲಿ ಅಮೋನಿಯಂಗೆ (ಮೂತ್ರದ ಸಾರಜನಕದಿಂದ ಆಗುವುದು) ಇರುವುದು ಪ್ಲಸ್ ಚಾರ್ಜ್, ಫಾಸ್ಫೇಟಿಗೆ ಮೈನಸ್. ಇದ್ದಿಲಿನ ಮೈ ಹೆಚ್ಚಾಗಿ ಮೈನಸ್. ಹಾಗಾಗಿ ಅಮೋನಿಯಂ ಸ್ವಲ್ಪ ಅಂಟಿಕೊಳ್ಳುತ್ತದೆ, ಫಾಸ್ಫೇಟ್ ಜಾರಿ ಹೋಗುತ್ತದೆ. ಕೆರೆ ಹಸಿರಾಗುವುದಕ್ಕೆ ಹೆಚ್ಚಿನ ಕಡೆ ಈ ಫಾಸ್ಫೇಟೇ ಮುಖ್ಯ ಕಾರಣ.

ಫಾಸ್ಫೇಟ್ ಹಿಡಿಯುವ ವಸ್ತು ನಮ್ಮ ಕಾಲಡಿಯಲ್ಲೇ ಇದೆ, ಮನೆ ಕಟ್ಟುವ ಕೆಂಪು ಮುರಕಲ್ಲು. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದ್ದು, ಜೊತೆಗೆ ಅಲ್ಯೂಮಿನಿಯಂನದ್ದೂ ಇರುತ್ತದೆ. ಇವೆರಡೂ ಫಾಸ್ಫೇಟನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತವೆ. ಕೆಂಪು ಮಣ್ಣಿಗೆ ಹಾಕಿದ ರಂಜಕ ಗಿಡಕ್ಕೆ ಪೂರ್ತಿ ಸಿಗುವುದಿಲ್ಲ ಅಂತ ಕೃಷಿ ಭವನದಲ್ಲಿ ಹೇಳುವುದನ್ನು ಕೇಳಿದ್ದೀರಲ್ಲ? ತೋಟದಲ್ಲಿ ನಮಗೆ ನಷ್ಟ ಮಾಡುವ ಆ ಗುಣವೇ ಚರಂಡಿಯಲ್ಲಿ ಉಪಕಾರಕ್ಕೆ ಬರುತ್ತದೆ. ಅಂದ ಹಾಗೆ, ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ಮಲಬಾರಿನಿಂದಲೇ. ಅಂಗಾಡಿಪುರಂನಲ್ಲಿ ಕಂಡ ಕಲ್ಲಿನ ಬಗ್ಗೆ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಬರೆದಾಗ ಕೊಟ್ಟ ಹೆಸರು ಅದು.

ಆದರೆ ಅಕ್ಕ, ಕಲ್ಲು ತರುವ ಮೊದಲು ಒಂದು ಲೆಕ್ಕ ನೋಡಿ. ನೂರು ಕಿಲೋ ಹಸಿ ಸಗಣಿಯಲ್ಲಿ ರಂಜಕ ಸುಮಾರು 100 ಗ್ರಾಂ. ದನ ಒಂದಕ್ಕೆ ದಿನಕ್ಕೆ 15 ಕಿಲೋ ಸಗಣಿ ಅಂದುಕೊಂಡರೆ, ನಿಮ್ಮ ನಾಲ್ಕು ದನದಿಂದ ದಿನಕ್ಕೆ 60 ಗ್ರಾಂ. ಒಂದು ಕಿಲೋ ಮುರಕಲ್ಲು ಪುಡಿ ಹಿಡಿಯುವುದು ಸುಮಾರು ಒಂದು ಗ್ರಾಂ ಅಂತ ಇಟ್ಟುಕೊಳ್ಳಿ. ಕಲ್ಲಿನಿಂದ ಕಲ್ಲಿಗೆ ಹೆಚ್ಚುಕಡಿಮೆ ಇರುತ್ತದೆ. ಅಂದರೆ ಸಗಣಿಯನ್ನೆಲ್ಲ ನೀರಿನ ಜೊತೆ ಬಿಟ್ಟರೆ ದಿನಕ್ಕೆ 60 ಕಿಲೋ ಕಲ್ಲು ಬೇಕು. ಯಾರಿಂದಲೂ ಆಗದ ಕೆಲಸ!

ದನದ ಮೂತ್ರದಲ್ಲಿ ರಂಜಕ ಬಹಳ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ಸಗಣಿಯಲ್ಲೇ ಹೋಗುತ್ತದೆ. ಮೂತ್ರದಲ್ಲಿ ಜಾಸ್ತಿ ಇರುವುದು ಸಾರಜನಕ ಮತ್ತು ಪೊಟ್ಯಾಷ್. ಆದ್ದರಿಂದ ಪೈಪ್ ಹಿಡಿಯುವ ಮೊದಲು ಸಗಣಿಯನ್ನು ನೀರು ಸೋಕಿಸದೆ ಬಳಿದು ತೆಗೆಯಿರಿ. ಸಲಿಕೆಯಲ್ಲಿ ಒಮ್ಮೆ, ಕಡ್ಡಿ ಪೊರಕೆಯಲ್ಲಿ ಇನ್ನೊಮ್ಮೆ. ನೂರರಲ್ಲಿ ತೊಂಬತ್ತು ಪಾಲು ಬಳಿದರೆ 60 ಗ್ರಾಂ ಇದ್ದದ್ದು 6 ಗ್ರಾಂಗೆ ಇಳಿಯುತ್ತದೆ. ಹತ್ತು ನಿಮಿಷದ ಈ ಕೆಲಸಕ್ಕೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಈಗ ಗುಂಡಿ. ಮೊದಲು ನೀರು ತಂಗಿ ಕೆಸರು ಕೂರಲು ಒಂದು ಸಣ್ಣ ಟಾಂಕಿ. ಅದರ ಬಾಯಿಗೆ ಅಡಿಕೆ ಸಿಪ್ಪೆ ತುಂಬಿದ ಬುಟ್ಟಿ, ಹುಲ್ಲುಕಡ್ಡಿಯೆಲ್ಲ ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ತೊಳೆದ ಇದ್ದಿಲು ತುಂಬಿದ ಒಂದು ಡ್ರಮ್ಮು. ಕೊನೆಗೆ ಮುರಕಲ್ಲಿನ ಗುಂಡಿ ಎರಡು, ಪಕ್ಕಪಕ್ಕದಲ್ಲಿ. ನಮ್ಮಲ್ಲಿ ಒಂದೊಂದೂ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಎರಡಕ್ಕೂ ಸೇರಿ ಸುಮಾರು ಒಂದು ಟನ್ ಕಲ್ಲು ಹಿಡಿಯಿತು. ತಳಕ್ಕೆ ಮತ್ತು ಬದಿಗೆ ದಪ್ಪ ಟಾರ್ಪಾಲು ಹಾಸಲೇಬೇಕು. ನಮ್ಮ ನೆಲ ಜಾಲರಿಯ ಹಾಗೆ, ಸೋರಿದ್ದು ನೇರ ಬಾವಿಗೋ ಸುರಂಗಕ್ಕೋ ಇಳಿಯುತ್ತದೆ. ಸುರಂಗದ ನೆತ್ತಿಯ ಮೇಲಂತೂ ಗುಂಡಿ ಬೇಡ.

ಕಲ್ಲನ್ನು ಕೋರೆಯಲ್ಲಿ ಕೇಳಿ. ಮೆಷಿನಿನಲ್ಲಿ ಕೊಯ್ಯುವಾಗ ಒಡೆದ ತುಂಡು ರಾಶಿ ಬಿದ್ದಿರುತ್ತದೆ, ಸಾಗಾಟದ ಖರ್ಚು ಮಾತ್ರ. ಅದನ್ನು ಕುಟ್ಟಿ ಜರಡಿ ಹಿಡಿಯಿರಿ. ಸಾಸಿವೆಯಿಂದ ಕಡಲೆ ಗಾತ್ರದವರೆಗಿನ ಕಾಳು ಒಳ್ಳೆಯದು. ಹಿಟ್ಟಿನಂಥ ಪುಡಿ ಬೇಡ, ಎರಡೇ ದಿನದಲ್ಲಿ ಗಾರೆಯ ಹಾಗೆ ಕಟ್ಟಿಕೊಂಡು ನೀರು ಮೇಲೆ ನಿಲ್ಲುತ್ತದೆ. ಬರೀ ಕೆಂಪು ಮಣ್ಣೂ ಅಷ್ಟೇ. ಕಾಳನ್ನು ನೀರು ತಿಳಿಯಾಗಿ ಬರುವವರೆಗೆ ತೊಳೆದು ತುಂಬಿಸಿ.

ನಿಮ್ಮ ಕಡೆಯ ಕಲ್ಲು ಹೇಗಿದೆ ಅಂತ ಮೊದಲೇ ನೋಡಬಹುದು. ಒಂದು ಲೀಟರ್ ಬಾಟಲಿಯಲ್ಲಿ ಎರಡು ಹಿಡಿ ಕಾಳು, ಅದು ಮುಳುಗುವಷ್ಟು ಹಟ್ಟಿ ನೀರು. ಸಂಜೆ ನಾಲ್ಕೈದು ಸಲ ಕುಲುಕಿ, ರಾತ್ರಿಯಿಡೀ ಇಡಿ. ಬೆಳಗ್ಗೆ ಪಂಚೆ ಬಟ್ಟೆಯಲ್ಲಿ ಸೋಸಿ. ಆ ನೀರನ್ನೂ ಕಲ್ಲು ಹಾಕದ ನೀರನ್ನೂ ಒಂದೇ ಅಳತೆಯಲ್ಲಿ ತೆಳು ಮಾಡಿ ಕಿಟ್ ಹಾಕಿ. ತೆಳು ಮಾಡದಿದ್ದರೆ ಸಗಣಿ ಬಣ್ಣದಲ್ಲಿ ಏನೂ ಕಾಣುವುದಿಲ್ಲ. ನಾನು ಮಾಡಿದಾಗ ಕಲ್ಲು ಹಾಕದ ನೀರಿನ ನಳಿಗೆ ಗಾಢ ಬಣ್ಣಕ್ಕೆ ತಿರುಗಿತು, ಕಲ್ಲು ಹಾಕಿದ್ದು ಬೆಳಕಿಗೆ ಹಿಡಿದರೆ ಮಾತ್ರ ಬಣ್ಣ ಇದೆ ಅನ್ನುವಷ್ಟು ತೆಳು. ಅವತ್ತೇ ಗುಂಡಿ ತೋಡಲು ಶುರು ಮಾಡಿದೆ.

ಗುಂಡಿಗೆ ನೀರು ಸಣ್ಣಗೆ ಇಳಿಯಬೇಕು. ಒಮ್ಮೆಲೇ ಸುರಿದರೆ ಕಲ್ಲಿಗೆ ಹಿಡಿಯಲು ಹೊತ್ತು ಸಿಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ನೀರು ಒಳಗೆ ಕೊಳೆತು ನಿಲ್ಲಬಾರದು. ಗಾಳಿ ಇಲ್ಲದೆ ಕೊಳೆತರೆ ಕಬ್ಬಿಣವೇ ಕರಗಲು ಶುರುವಾಗಿ ಹಿಡಿದ ಫಾಸ್ಫೇಟನ್ನು ಬಿಟ್ಟುಬಿಡುತ್ತದೆ. ಹೊರಗೆ ಬರುವ ನೀರಿನಲ್ಲಿ ಕಿತ್ತಳೆ ಬಣ್ಣದ ಕೆನೆ ಕಂಡರೆ ಹಾಗೆ ಆಗಿದೆ ಅಂತ ತಿಳಿಯಿರಿ. ಅದಕ್ಕೇ ತಳದಲ್ಲಿ ತೂತು ಕೊರೆದ ಪೈಪ್ ಇಟ್ಟು ಪೂರ್ತಿ ಬಸಿದು ಹೋಗುವ ಹಾಗೆ ಮಾಡಿ. ವಾರ ಒಂದು ಗುಂಡಿ, ಮರುವಾರ ಇನ್ನೊಂದು. ಇದೇ ಕಾರಣಕ್ಕೆ ಮುರಕಲ್ಲು ಪುಡಿಯನ್ನು ನೇರ ಕೆರೆಗೆ ಸುರಿಯಬೇಡಿ, ತಳದ ಕೆಸರಿನಲ್ಲಿ ಗಾಳಿ ಇರುವುದಿಲ್ಲ.

ನಮ್ಮಲ್ಲಿ ವರ್ಷಕ್ಕೊಮ್ಮೆ ಕಲ್ಲು ಬದಲಾಯಿಸುತ್ತೇನೆ. ನಿಮ್ಮದು ನಾಲ್ಕು ದನ, ಇದೇ ಅಳತೆಯ ಗುಂಡಿಯಾದರೆ ಆರು ತಿಂಗಳು ಬರಬಹುದು. ತೆಗೆದ ಇದ್ದಿಲನ್ನು ಗೊಬ್ಬರದ ಗುಂಡಿಗೆ ಹಾಕಿ, ಬಹಳ ಒಳ್ಳೆಯದು. ಕಲ್ಲನ್ನು ತೆಂಗಿನ ಬುಡಕ್ಕೆ ಹಾಕಬಹುದು, ಆದರೆ ರಂಜಕವನ್ನು ಸುಲಭಕ್ಕೆ ಬಿಡುವುದಿಲ್ಲ, ಗೊಬ್ಬರ ಅಂತ ಲೆಕ್ಕ ಹಿಡಿಯಬೇಡಿ.

ನಿಮ್ಮ ಪ್ರಶ್ನೆಗೆ ಒಬ್ಬರು ಅಣ್ಣ ಕೆರೆಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕಿ ಅಂದಿದ್ದಾರೆ. ದಯವಿಟ್ಟು ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಬಿಡುವುದು ಬೇರೆ, ಇದು ಬೇರೆ. ಪಾಚಿ ಸಾಯುತ್ತದೆ, ಮೀನೂ ಸಾಯುತ್ತದೆ. ಸತ್ತ ಪಾಚಿ ಕೊಳೆತು ಅದೇ ರಂಜಕ ಮತ್ತೆ ನೀರಿಗೆ ಬರುತ್ತದೆ. ಸ್ಫಟಿಕ (ಆಲಂ) ಫಾಸ್ಫೇಟನ್ನು ಕೂರಿಸುವುದು ನಿಜ, ಆದರೆ ನಮ್ಮ ನೀರು ಮೊದಲೇ ಹುಳಿ. ಜಾಸ್ತಿ ಹಾಕಿದರೆ ಇನ್ನೂ ಹುಳಿಯಾಗಿ ಮೀನಿಗೆ ಕಷ್ಟ. ಜಿಯೋಲೈಟ್ ಎಂಬ ಖನಿಜ ಅಮೋನಿಯಂಗೆ ಇದ್ದಿಲಿಗಿಂತ ಎಷ್ಟೋ ಮೇಲು, ಫಾಸ್ಫೇಟಿಗೆ ಪ್ರಯೋಜನ ಇಲ್ಲ. ದುಡ್ಡು ಕೊಟ್ಟು ತರುವಷ್ಟು ನಿಮಗೆ ಅಗತ್ಯ ಕಾಣುವುದಿಲ್ಲ.

ಉಳಿಯುವುದು ನೈಟ್ರೇಟ್. ಅಮೋನಿಯಂ ಗಾಳಿಯಲ್ಲಿ ನೈಟ್ರೇಟ್ ಆದ ಮೇಲೆ ಇದ್ದಿಲೂ ಮುರಕಲ್ಲೂ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಬಾಟಲಿ ಹಾಲು ಕುಡಿಯುವ ಕೂಸಿಗೆ ತುಂಬಾ ಅಪಾಯ, ನೀರು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಕೊನೆಯ ಗುಂಡಿಯಿಂದ ಬಂದ ನೀರನ್ನು ಕೆರೆಗೆ ಬಿಡಬೇಡಿ. ಬಾಳೆ, ಕೆಸು, ನೇಪಿಯರ್ ಹುಲ್ಲಿಗೆ ತಿರುಗಿಸಿ. ಹುಲ್ಲು ಕೊಯ್ದು ದನಕ್ಕೆ ಹಾಕಿದಷ್ಟೂ ಸಾರಜನಕ ಹೊರಗೆ ಹೋಗುತ್ತದೆ.

ಕೆರೆ ಕೂಡಲೇ ತಿಳಿಯಾಗುವುದಿಲ್ಲ, ತಳದ ಕೆಸರಿನಲ್ಲಿ ಹಳೆಯದು ಕೂತಿರುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಕೆಸರು ತೆಗೆಸಿ ಅಡಿಕೆ ಬುಡಕ್ಕೆ ಹಾಕಿ. ನಮ್ಮ ಕೆರೆಯಲ್ಲಿ ಎರಡನೇ ವರ್ಷಕ್ಕೆ ಮೆಟ್ಟಿಲಿನ ಮೂರನೇ ಕಲ್ಲು ಕಂಡಿತು. ಅಲ್ಲಿಯವರೆಗೆ ಒಂದನೆಯದೂ ಕಾಣುತ್ತಿರಲಿಲ್ಲ.

ಜೂನಿನ ಮಳೆ ಹಿಡಿಯುವ ಮೊದಲು ಹಟ್ಟಿಯ ಮಾಡಿನ ನೀರು ಈ ಚರಂಡಿಗೆ ಬೀಳದ ಹಾಗೆ ಬೇರೆ ದಾರಿ ಮಾಡಿ, ಇಲ್ಲದಿದ್ದರೆ ಗುಂಡಿ ಒಂದೇ ದಿನದಲ್ಲಿ ತುಂಬಿ ಹರಿಯುತ್ತದೆ. ಹಟ್ಟಿಯಿಂದ ಕೆರೆಗೆ ಇಳಿಜಾರು ಎಷ್ಟಿದೆ, ಬಾವಿ ಯಾವ ಕಡೆ ಅಂತ ಒಂದು ಫೋಟೋ ಹಾಕಿ ಅಕ್ಕ. ಗುಂಡಿ ಎಲ್ಲಿ ತೋಡಬಹುದು ಅಂತ ನೋಡಿ ಹೇಳುತ್ತೇನೆ.