ಪುಸ್ತಕ ಮುಚ್ಚಿದರೆ ಜೀವಶಾಸ್ತ್ರ ಮಾಯ!

ಪ್ರಶ್ನೆ: ನಾನು ಅಂಕೋಲಾ ಕಡೆಯವಳು, ಎಸ್ಸೆಸ್ಸೆಲ್ಸಿ ಓದುತ್ತಿದ್ದೇನೆ. ಪರೀಕ್ಷೆಗೆ ಮೂರು ವಾರ ಇದೆ. ಜೀವಶಾಸ್ತ್ರದ ಪಾಠಗಳನ್ನು ಮೂರು ಸಲ ಓದಿದ್ದೇನೆ, ಪುಸ್ತಕ ಮುಚ್ಚಿದರೆ ಏನೂ ನೆನಪಿರುವುದಿಲ್ಲ. ದ್ಯುತಿಸಂಶ್ಲೇಷಣೆ, ಉಸಿರಾಟ ಎರಡೂ ಕಲಸಿಹೋಗುತ್ತವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಾಲ್ಕನೇ ಸಲ ಓದಬೇಡ, ಅಷ್ಟೇ. ಓದುವಾಗ ಎಲ್ಲ ಗೊತ್ತಿದ್ದ ಹಾಗೇ ಇರುತ್ತದೆ. ಗೊತ್ತಿರುವುದು ಪುಸ್ತಕಕ್ಕೆ, ನಿನಗಲ್ಲ. ಪುಸ್ತಕ ಮುಚ್ಚಿ ಖಾಲಿ ಹಾಳೆ ತಗೋ. ನೆನಪಿದ್ದದ್ದನ್ನು ಬರಿ, ಚಿತ್ರ ಬಿಡಿಸು. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು ಕೆಂಪು ಪೆನ್ನಲ್ಲಿ ಸೇರಿಸು. ಮರುದಿನ ಇನ್ನೊಮ್ಮೆ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ಮೊದಲ ದಿನ ಹಾಳೆಯಲ್ಲಿ ಕೆಂಪೇ ಜಾಸ್ತಿ ಇರುತ್ತದೆ, ಹೆದರಬೇಡ.

ಇನ್ನು ನಿನ್ನ ಕಲಸುಮೇಲೋಗರ. ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ ಎಂದು ತಲೆಯಲ್ಲಿ ಕೂತಿದೆ, ಅಲ್ವಾ? ನಾನು ನೋಡಿದ ಉತ್ತರ ಪತ್ರಿಕೆಗಳಲ್ಲಿ ಅರ್ಧಕ್ಕರ್ಧ ಗೊಂದಲ ಇಲ್ಲೇ ಶುರು. ಗಿಡದ ಜೀವಂತ ಕೋಶಗಳು ಹಗಲೂ ಉಸಿರಾಡುತ್ತವೆ, ರಾತ್ರಿಯೂ ಉಸಿರಾಡುತ್ತವೆ. ಬೆಳಕು ಬೇಕಾಗುವುದು ದ್ಯುತಿಸಂಶ್ಲೇಷಣೆಗೆ, ಅದೂ ಹಸಿರು ಭಾಗಗಳಲ್ಲಿ ಮಾತ್ರ. ಹಗಲಲ್ಲಿ ಆ ಕೆಲಸ ಜೋರಾಗಿರುವುದರಿಂದ ಉಸಿರಾಟದ ಕಾರ್ಬನ್ ಡೈಆಕ್ಸೈಡ್ ಎಲೆಯೊಳಗೇ ಖರ್ಚಾಗುತ್ತದೆ. ಹೊರಗೆ ಬರುವುದು ಉಳಿದ ಆಮ್ಲಜನಕ. ಆ ಆಮ್ಲಜನಕ ನೀರು ಒಡೆದು ಬಂದದ್ದು, ಕಾರ್ಬನ್ ಡೈಆಕ್ಸೈಡಿನಿಂದ ಅಲ್ಲ. ಇದನ್ನೂ ಬರೆದುಕೋ.

ಗಿಡದ ಎಲ್ಲ ಭಾಗವೂ ಉಸಿರಾಡುತ್ತದೆ ಎಂದು ನಂಬಿಕೆ ಬಾರದಿದ್ದರೆ ಇಳಿತದ ಹೊತ್ತಿಗೆ ಕಾರವಾರದ ಕಾಳಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನೊಮ್ಮೆ ನೋಡು. ಕೆಸರಿನಿಂದ ಪೆನ್ಸಿಲ್ ನಿಲ್ಲಿಸಿದ ಹಾಗೆ ಬೇರುಗಳು ಮೇಲೆದ್ದಿರುತ್ತವೆ. ಆ ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬೇರು ಸಣ್ಣ ರಂಧ್ರಗಳಿಂದ ಗಾಳಿ ಎಳೆದುಕೊಳ್ಳಲು ಮೇಲೇ ಬರಬೇಕು. ಹಸಿರೇ ಇಲ್ಲದ, ಕತ್ತಲ ಕೆಸರಲ್ಲಿ ಹೂತ ಬೇರಿಗೂ ಉಸಿರು ಬೇಕು. ಇಷ್ಟು ಕಣ್ಣಿಗೆ ಕಂಡರೆ ಪಾಠ ಅರ್ಧ ಮುಗಿಯಿತು.

ಆಹಾರ ಸರಪಳಿಗೆ ಹುಲ್ಲು, ಜಿಂಕೆ, ಹುಲಿಯೇ ಯಾಕೆ? ನಮ್ಮ ಸಮುದ್ರ ಇದೆಯಲ್ಲ. ನೀರಲ್ಲಿ ತೇಲುವ ಪುಟ್ಟ ಸಸ್ಯ ಪ್ಲವಕ, ಅದನ್ನು ತಿನ್ನುವ ಪ್ರಾಣಿ ಪ್ಲವಕ, ಆಮೇಲೆ ತಾರ್ಲೆ ಮೀನು, ಇಸ್ವಾಣ ಮೀನು, ಕೊನೆಗೆ ನಿನ್ನ ಊಟದ ತಟ್ಟೆ. ಒಂದು ಹಂತದಿಂದ ಮುಂದಿನದಕ್ಕೆ ಹೋಗುವುದು ಸುಮಾರು 10 ಶೇಕಡಾ ಶಕ್ತಿ. ಸಸ್ಯ ಪ್ಲವಕದಲ್ಲಿ 10,000 ಜೂಲ್ ಇದ್ದರೆ ಇಸ್ವಾಣಕ್ಕೆ ಮುಟ್ಟುವಾಗ 10, ನಿನಗೆ 1. ಸರಪಳಿ ಉದ್ದ ಬೆಳೆಯದಿರುವುದಕ್ಕೆ ಕಾರಣ ಇದೇ. ಬಾಣದ ಗುರುತು ತಿನ್ನುವವನ ಕಡೆಗೆ ಇರಬೇಕು. ಉಲ್ಟಾ ಹಾಕಿ ಅಂಕ ಕಳೆದುಕೊಳ್ಳುವವರು ಬಹಳ.

ಅನುವಂಶೀಯತೆಯಲ್ಲಿ 3:1 ಅನ್ನು ಸುಮ್ನೆ ಬಾಯಿಪಾಠ ಮಾಡಬೇಡ, ತಂದೆ ತಾಯಿ ಗಿಡಗಳ ಗುಣಗಳನ್ನು ಜೋಡಿಸಿ ನೋಡುವ ಚೌಕ (ಪನೆಟ್ ಚೌಕ) ಹಾಕು. ಎತ್ತರ, ಕುಬ್ಜ ಬಟಾಣಿಯ ಎರಡನೇ ಪೀಳಿಗೆಯಲ್ಲಿ ಮೆಂಡಲ್‌ಗೆ ಸಿಕ್ಕಿದ್ದು 787 ಎತ್ತರದವು, 277 ಕುಬ್ಜ. ಭಾಗಿಸಿ ನೋಡು, 2.84 ಬರುತ್ತದೆ. ಅಂದರೆ ನಾಲ್ಕು ಗಿಡ ನೆಟ್ಟರೆ ಮೂರು ಎತ್ತರ ಬಂದೇ ಬರುತ್ತವೆ ಅಂತಲ್ಲ. ಗಿಡಗಳು ಜಾಸ್ತಿ ಆದಷ್ಟೂ ಲೆಕ್ಕ 3:1ರ ಹತ್ತಿರ ಬರುತ್ತದೆ.

ಹೃದಯದ ಚಿತ್ರದಲ್ಲಿ ಬಲಭಾಗ ನಿನ್ನ ಎಡಗೈ ಕಡೆ ಇರುತ್ತದೆ. ಅದು ಎದುರಿಗೆ ನಿಂತವರ ಹೃದಯ ಎಂದುಕೋ. ಎಡ ಹೃತ್ಕುಕ್ಷಿಯ ಗೋಡೆ ದಪ್ಪ, ಯಾಕೆಂದರೆ ಅದು ಇಡೀ ಮೈಗೆ ರಕ್ತ ತಳ್ಳಬೇಕು. ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್, ಬಿಸಿ ತಗುಲಿದೊಡನೆ ಕೈ ತಾನಾಗಿ ಹಿಂದೆ ಬರುವಂಥ ಪರಾವರ್ತಿತ ಕ್ರಿಯೆಯ ಹಾದಿಯನ್ನೂ ಹೀಗೇ ಬಿಡಿಸಿ ಕಲಿ.

ಇವತ್ತು ರಾತ್ರಿ ಒಂದೇ ಒಂದು ಹಾಳೆ ಸಾಕು. ಉಸಿರಾಟದ್ದು.