ಸೆಲ್ಕೋ ಸೋಲಾರ್ ಕಂಪನಿ ಶುರುವಾಗಿದ್ದು ಹೇಗೆ? ಬಡವರಿಗೇ ಮಾರಿಕೊಂಡು ಇಷ್ಟು ವರ್ಷ ಹೇಗೆ ಉಳಿಯಿತು?

ಒಂದೇ ಮಾತಲ್ಲಿ ಹೇಳುವುದಾದರೆ, ಬ್ಯಾಂಕ್ ಸಾಲದಿಂದ ಉಳಿಯಿತು. ಕಂಪನಿ ತನಗಾಗಿ ಮಾಡಿದ ಸಾಲ ಅಲ್ಲ, ಗಿರಾಕಿಗೆ ಕೊಡಿಸಿದ ಸಾಲ.

1995ರಲ್ಲಿ ಬೆಂಗಳೂರಿನಲ್ಲಿ ಇದನ್ನು ಕಟ್ಟಿದವರು ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್. ಹಂದೆ ಅವರ ಊರು ಉಡುಪಿ ಜಿಲ್ಲೆಯ ನಮ್ಮ ಕೋಟದ ಹತ್ತಿರದ ಹಂದಟ್ಟು, ಬೆಳೆದದ್ದು ರೂರ್ಕೆಲಾದಲ್ಲಿ. ಖರಗ್‌ಪುರ ಐಐಟಿ ಮುಗಿಸಿ ಅಮೆರಿಕದಲ್ಲಿ ಪಿಎಚ್.ಡಿ. ಮಾಡುವಾಗ ಒಮ್ಮೆ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿದ್ದರು. ಅಲ್ಲಿ ಬಡವರು ತಾವೇ ದುಡ್ಡು ಕೊಟ್ಟು ಸೋಲಾರ್ ಹಾಕಿಸಿಕೊಂಡಿದ್ದನ್ನು ಕಂಡರು. ಸಂಶೋಧನೆಯ ವಿಷಯವನ್ನೇ ಬದಲಾಯಿಸಿದರು. ಆಮೇಲೆ ಶ್ರೀಲಂಕಾದ ಹಳ್ಳಿಗಳಲ್ಲಿ ಇದ್ದು ಕಲಿತರು.

ಇಲ್ಲಿಗೆ ಬಂದಾಗ ಕಷ್ಟವಾಗಿದ್ದು ಬ್ಯಾಂಕುಗಳನ್ನು ಒಪ್ಪಿಸುವುದು. ಹಸು ತಗೊಂಡರೆ ಹಾಲು ಬರುತ್ತೆ, ಪಂಪು ಹಾಕಿದರೆ ಬೆಳೆ ಬರುತ್ತೆ. ದೀಪದಿಂದ ಏನು ಬರುತ್ತೆ ಅನ್ನುವುದು ಬ್ಯಾಂಕಿನವರ ಪ್ರಶ್ನೆ. ಮಲಪ್ರಭಾ ಗ್ರಾಮೀಣ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ನಂಥವು ಸಾಲ ಕೊಡಲು ಮುಂದೆ ಬಂದ ಮೇಲೆಯೇ ಹಳ್ಳಿಗಳಲ್ಲಿ ದಾರಿ ತೆರೆಯಿತು. ಕಂತು ಎಷ್ಟು ಅನ್ನುವಷ್ಟೇ ಮುಖ್ಯ, ಯಾವಾಗ ಕಟ್ಟಬೇಕು ಅನ್ನುವುದು. ಒಬ್ಬ ಬೀದಿ ವ್ಯಾಪಾರಿ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ಆದರೆ ಆಗುತ್ತೆ ಅಂದಿದ್ದನ್ನು ಹಂದೆ ಹಲವು ಕಡೆ ಹೇಳಿದ್ದಾರೆ. ಇಡೀ ಕಂಪನಿಯ ಬುದ್ಧಿ ಆ ಮಾತಿನಲ್ಲಿದೆ ಅಂತ ನನಗನ್ನಿಸುತ್ತೆ.

ಬೆಳ್ತಂಗಡಿ ಕಡೆಯ ನಮ್ಮ ಅಜ್ಜಿ ಮನೆಗೂ ಹೀಗೇ ಸಾಲದ ಮೇಲೆ ನಾಲ್ಕು ದೀಪದ ಸೆಟ್ಟು ಬಂತು. ಹಾಕಲು ಬಂದ ಹುಡುಗ ಮೊದಲು ಕೇಳಿದ್ದು, "ಅಮ್ಮಾ, ರಾತ್ರಿ ನೀವು ಜಾಸ್ತಿ ಹೊತ್ತು ಎಲ್ಲಿರ್ತೀರಿ?" ಅಜ್ಜಿ ಒಲೆಯ ಹತ್ತಿರದ ಮಣೆ ತೋರಿಸಿದರು. ಒಂದು ದೀಪ ಸರಿಯಾಗಿ ಆ ಮಣೆಯ ಮೇಲಕ್ಕೆ ಬಂತು. ಇನ್ನೊಂದನ್ನು ದನದ ಹಟ್ಟಿಗೆ ಎಳೆದ. ಚಿಮಣಿ ಬುಡ್ಡಿಯ ಮಸಿ ಹಿಡಿದಿದ್ದ ಗೋಡೆಗೆ ಆ ವರ್ಷ ಸುಣ್ಣ ಬಳಿದರು. ಬ್ಯಾಟರಿಗೆ ನೀರು ಹಾಕುವುದನ್ನು ಅವನು ಅಜ್ಜಿಗೇ ಕಲಿಸಿಕೊಟ್ಟು ಹೋದ. ಹತ್ತಿರದಲ್ಲೇ ಬ್ರಾಂಚ್ ಇಟ್ಟು, ಮನೆಗೇ ಬಂದು ರಿಪೇರಿ ಮಾಡಿಕೊಡುವುದು ಸೆಲ್ಕೋದ ಇನ್ನೊಂದು ಬಲ. ಕೆಟ್ಟು ನಿಂತ ದೀಪಕ್ಕೆ ಯಾರು ಕಂತು ಕಟ್ಟುತ್ತಾರೆ, ಅಲ್ವಾ?

2005ರಲ್ಲಿ, ಶುದ್ಧ ಇಂಧನದ ಕೆಲಸಕ್ಕೆ ಕೊಡುವ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕಂಪನಿ ಮುಳುಗುವ ಸ್ಥಿತಿಗೂ ಬಂತು. ಜರ್ಮನಿಯಲ್ಲಿ ಸರ್ಕಾರದ ಉತ್ತೇಜನದಿಂದ ಎಲ್ಲರೂ ಸೋಲಾರ್ ಹಾಕಿಸತೊಡಗಿದ್ದರು. ಜಗತ್ತಿನಲ್ಲೆಲ್ಲ ಪ್ಯಾನೆಲ್ ಬೆಲೆ ಏರಿತು. ಅಲ್ಲಿನ ಬೇಡಿಕೆಯ ಬಿಸಿ ಇಲ್ಲಿ ದಿನಕ್ಕೆ 10 ರೂಪಾಯಿ ಲೆಕ್ಕ ಹಾಕುವವರಿಗೆ ತಟ್ಟಿತು. ಬೇಗ ಬೆಳೆಯಿರಿ, ಬೇಗ ಲಾಭ ತೋರಿಸಿ ಅನ್ನುವ ಹೂಡಿಕೆದಾರರ ದುಡ್ಡು ಇಂಥ ಕೆಲಸಕ್ಕೆ ಆಗಿಬರುವುದಿಲ್ಲ. ಮುಂದೆ ಲೆಮೆಲ್ಸನ್ ಫೌಂಡೇಶನ್, ಗುಡ್ ಎನರ್ಜೀಸ್‌ನಂಥ ತಾಳ್ಮೆಯ ಹೂಡಿಕೆದಾರರು ಬಂದರು. ಕಂಪನಿ ಚೇತರಿಸಿಕೊಂಡಿತು.

2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ಈಗ ಸೆಲ್ಕೋ ಫೌಂಡೇಶನ್ ಅಂತ ಬೇರೆ ಸಂಸ್ಥೆಯೂ ಇದೆ. ಹೊಲಿಗೆ ಯಂತ್ರ, ರೊಟ್ಟಿ ಯಂತ್ರ, ಹಳ್ಳಿ ಆಸ್ಪತ್ರೆಗಳಿಗೆಲ್ಲ ಸೋಲಾರ್ ಜೋಡಿಸುತ್ತಿದ್ದಾರೆ. ದೀಪದಿಂದ ಏನು ಬರುತ್ತೆ ಅಂತ ಕೇಳುವ ಬ್ಯಾಂಕ್ ಮ್ಯಾನೇಜರುಗಳಿಗೆ ಹೊಲಿಗೆ ಯಂತ್ರದ ಲೆಕ್ಕ ಸುಲಭವಾಗಿ ಅರ್ಥವಾಗುತ್ತೆ.