ಶೆಡ್ಡಲ್ಲಿ ಮೈಲುತುತ್ತು, ಜಾಕಿನಡಿ ಜಂಬಿಟ್ಟಿಗೆ: ಮಳೆಗೆ ಮುಂಚಿನ ಕಾರು ಪ್ರಶ್ನೆಗಳು

ಆರಿದ್ರಾ ಮಳೆ ಹಿಡ್ಕೊಳ್ಳೋಕೆ ಮುಂಚೆ ಉತ್ತರ ಕೊಡಿ ಅಂತ ತುಂಬ ಜನ ಬರ್ದಿದ್ದೀರಿ. ಓಡಿ ಹಾಳಾದ ಗಾಡಿ ಬಗ್ಗೆ ಒಂದು ಪತ್ರನೂ ಇಲ್ಲ, ಎಲ್ಲ ನಿಂತಲ್ಲೇ ಹಾಳಾದವೇ. ನಮ್ಮ ಕಡೆ ಅದು ಹಂಗೇ ಬಿಡಿ.

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಅಪ್ಪ ಓಡಿಸ್ತಿದ್ದ ಪ್ರೀಮಿಯರ್ ಪದ್ಮಿನಿ 6 ವರ್ಷದಿಂದ ಶೆಡ್ಡಲ್ಲಿ ನಿಂತಿದೆ. ಹೊಸ ಬ್ಯಾಟರಿ ತಂದಿದೀನಿ, ಕೂರಿಸಿ ಸ್ಟಾರ್ಟ್ ಮಾಡ್ಬಹುದಾ?

ಬೇಡ ಮಾರಾಯ್ರೆ, ಕೀ ಮುಟ್ಲೇಬೇಡಿ. ಮೊದ್ಲು ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿ ಇಡೀ ಹಂಗೇ ಬಿಡಿ, ಬೆಳಿಗ್ಗೆ ಟಾಪ್ ಗೇರಿಗೆ ಹಾಕಿ ಇಬ್ರು ಸೇರಿ ಗಾಡಿನ ಮೆಲ್ಲಗೆ ಹಿಂದೆ ಮುಂದೆ ತಳ್ಳಿ, ಫ್ಯಾನ್ ಬೆಲ್ಟ್ ಅಲ್ಲಾಡಿದ್ರೆ ಇಂಜಿನ್ ಹಿಡ್ಕೊಂಡಿಲ್ಲ ಅಂತ ಅರ್ಥ. ನ್ಯೂಟ್ರಲ್‌ನಲ್ಲೇ ಗಾಡಿ ಕದಲಲಿಲ್ಲ ಅಂದ್ರೆ ಬ್ರೇಕ್ ಡ್ರಮ್ಮಿಗೆ ಲೈನಿಂಗ್ ಅಂಟಿದೆ, ಅದು ಬೇರೆ ಕೆಲ್ಸ.

ಆಮೇಲೆ ಟ್ಯಾಂಕ್. ಹಳೇ ಪೆಟ್ರೋಲು ವಾರ್ನಿಷ್ ವಾಸನೆ ಹೊಡೀತಿರುತ್ತೆ, ಪೂರ್ತಿ ಇಳಿಸಿ. ಈಗಿನ ಪೆಟ್ರೋಲಲ್ಲಿ 20% ಇಥನಾಲ್ ಇರುತ್ತೆ, ಅದು ಗಾಳಿಲಿರೋ ನೀರು ಎಳ್ಕೊಳ್ಳುತ್ತೆ, ಹಳೇ ಕಾಲದ ರಬ್ಬರನ್ನ ಮೆತ್ತಗೆ ಮಾಡುತ್ತೆ. ಪದ್ಮಿನಿದು 1089 ಸಿಸಿ ಇಂಜಿನ್ನು, ಪೆಟ್ರೋಲ್ ಪಂಪು ಮೆಕ್ಯಾನಿಕಲ್, ಒಳಗೊಂದು ಡಯಾಫ್ರಾಮ್, ಅಂದ್ರೆ ತೆಳ್ಳಗಿನ ರಬ್ಬರ್ ಪೊರೆ. ನಾನೂ ಒಂದ್ಸಲ ಹಿಂಗೇ ಅವಸರ ಮಾಡಿ ಸ್ಟಾರ್ಟರ್ ಹೊಡ್ದೆ, ಇಂಜಿನ್ ಹಿಡಿಯೋ ಮೊದ್ಲೇ ಪಂಪಿನ ಕೆಳಗಿಂದ ಪೆಟ್ರೋಲು ತೊಟ್ಟಿಕ್ಕೋಕೆ ಶುರುವಾಯ್ತು, ಪಕ್ಕದಲ್ಲೇ ಅಡಿಕೆ ಸಿಪ್ಪೆ ರಾಶಿ. ಒಂದು ಕಿಡಿ ಸಾಕಿತ್ತು. ಅದಕ್ಕೇ ಹೇಳ್ತಿರೋದು, ಡಯಾಫ್ರಾಮ್, ಕಾರ್ಬುರೇಟರ್ ಗ್ಯಾಸ್ಕೆಟ್ಟು, ಟ್ಯಾಂಕಿಂದ ಪಂಪಿನ ತನಕ ಹೋಸು, ಎಲ್ಲ ಹೊಸದು ಹಾಕಿ. ಹೋಸ್ ತಗೊಳ್ಳುವಾಗ ಇಥನಾಲ್ ತಡ್ಕೊಳ್ಳೋದೇ ಬೇಕು ಅಂತ ಬಾಯಿಬಿಟ್ಟು ಕೇಳಿ, ಕೇಳ್ದಿದ್ರೆ ಯಾವ್ದೋ ನೀರಿನ ಪೈಪ್ ಥರದ್ದು ಕೊಟ್ಟು ಕಳಿಸ್ತಾರೆ. ಡಿಸ್ಟ್ರಿಬ್ಯೂಟರ್ ಒಳಗೆ ಪ್ಲಗ್ಗಿನ ಕಿಡಿಗೆ ಕರೆಂಟ್ ಕಡಿದು ಬಿಡೋ ಪಾಯಿಂಟನ್ನ ಸಣ್ಣ ಎಮರಿ ಪೇಪರಲ್ಲಿ ಉಜ್ಜಿ, ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ತಗಡು) ಗ್ಯಾಪ್ ಸರಿ ಮಾಡಿ. ಬ್ರೇಕ್ ಸಿಲಿಂಡರ್ ರಬ್ಬರ್, ಬ್ರೇಕ್ ಆಯಿಲ್ ಹೊಸದಾಗದೆ ರೋಡಿಗೆ ಇಳಿಸ್ಬೇಡಿ, ಬ್ರೇಕ್ ಆಯಿಲೂ ನೀರು ಕುಡಿಯೋ ಸಾಮಾನೇ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ರೆ 230 ಡಿಗ್ರಿ ತನಕ ಕುದಿಯಲ್ಲ, ನೀರು ಸೇರಿದ್ರೆ 155ಕ್ಕೇ ಕುದೀಬಹುದು, ಆಗುಂಬೆ ಘಾಟಿ ಇಳಿಯುವಾಗ ಪೆಡಲ್ ನೆಲಕ್ಕೆ ಹೋದ್ರೆ 14 ತಿರುವಲ್ಲಿ ಯಾವುದರಲ್ಲಿ ನಿಲ್ಲಿಸ್ತೀರಿ?

ಪ್ರಶ್ನೆ (ಸಾಗರ ತಾಲೂಕು): ನಮ್ಮ ಮಾರುತಿ 800 ವಾರಕ್ಕೊಂದ್ಸಲ ಪೇಟೆಗೆ ಹೋಗೋದು ಅಷ್ಟೇ, ಆದ್ರೂ ಫ್ಲೋರ್ ತುಕ್ಕು ತಿಂದಿದೆ. ಶೆಡ್ಡಲ್ಲೇ ನಿಲ್ಸೋದು, ಗೊಬ್ಬರ, ಅಡಿಕೆ ಕೊಳೆರೋಗದ ಔಷಧಿ ಸಾಮಾನೂ ಅಲ್ಲೇ ಇರುತ್ತೆ. ಯಾವ ಕೋಟಿಂಗ್ ಒಳ್ಳೇದು?

ಉತ್ತರ ನಿಮ್ಮ ಪತ್ರದಲ್ಲೇ ಇದ್ಯಲ್ಲ! ಕೊಳೆ ಔಷಧಿಗೆ ಹಾಕೋ ಮೈಲುತುತ್ತು ಅಂದ್ರೆ ತಾಮ್ರದ ಸಲ್ಫೇಟು, ಅದರ ನೀರು ಕಬ್ಬಿಣಕ್ಕೆ ಬಿದ್ರೆ ತಾಮ್ರ ಕೂತ್ಕೊಳ್ಳುತ್ತೆ, ಕಬ್ಬಿಣ ಕರಗುತ್ತೆ. ನಂಬಿಕೆ ಇಲ್ದಿದ್ರೆ ಒಂದು ಮೊಳೆನ ಮೈಲುತುತ್ತಿನ ನೀರಲ್ಲಿ ಅದ್ದಿ ನೋಡಿ, ಸ್ವಲ್ಪ ಹೊತ್ತಿಗೇ ಕೆಂಪಾಗುತ್ತೆ. ಔಷಧಿ ಹೊಡ್ದು ಬಂದ ದೋಟಿ, ಪೈಪು, ಡ್ರಮ್ಮು ಎಲ್ಲ ಕಾರಿನ ಪಕ್ಕ ಒರಗಿಸಿಡೋದು, ಯೂರಿಯಾ ಪೊಟಾಷ್ ಚೀಲ ನೀರೊಡೆದು ನೆಲ ಒದ್ದೆ ಮಾಡೋದು, ಅದರ ಮೇಲೆ ಟಯರ್ ಹಾಯೋದು, ಇನ್ನೇನಾಗುತ್ತೆ. ಮೊದ್ಲು ಆ ಚೀಲಗಳನ್ನ ಬೇರೆ ಕಡೆ ಸಾಗಿಸಿ. ಇದು ಖರ್ಚಿಲ್ಲದ ಅಪ್‌ಗ್ರೇಡು. ಕಾರಿನ ಮೇಲೆ ಪ್ಲಾಸ್ಟಿಕ್ ತಾಡಪಾಲು ಹೊದಿಸಿದ್ರೆ ಅದನ್ನೂ ತೆಗೀರಿ, ಒಳಗೆ ಬೆವರುತ್ತೆ.

ಇನ್ನು ಮ್ಯಾಟ್ ಎತ್ತಿ, ಅಡಿಯ ಫೆಲ್ಟನ್ನ ಕೈಯಲ್ಲಿ ಹಿಂಡಿ ನೋಡಿ. ನೀರು ಬಂತಾ? ಹಂಗಾದ್ರೆ ತುಕ್ಕು ಒಳಗಿಂದ ಬರ್ತಿದೆ, ಅಡಿಗೆ ಕೋಟಿಂಗ್ ಬಳಿದು ಏನೂ ಉಪಯೋಗ ಇಲ್ಲ. ಒಬ್ರನ್ನ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ನೀವು ಹೊರಗಿಂದ ಚೊಂಬಲ್ಲಿ ನೀರು ಹಾಕಿ, ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೊದ್ಲೇ ಮೇಲಿಂದ ಸುರಿದ್ರೆ ಎಲ್ಲಿಂದ ಬಂತು ಅಂತ ಗೊತ್ತೇ ಆಗಲ್ಲ. ಬಾಗಿಲಿನ ಕೆಳ ಅಂಚಲ್ಲಿ ಸಣ್ಣ ತೂತುಗಳಿರುತ್ವೆ, ಕೆಸರು ಎಲೆ ಸೇರಿ ಮುಚ್ಚಿರುತ್ತೆ, ಹಿಡಿಕಡ್ಡಿಲಿ ಚುಚ್ಚಿದ್ರೆ ಎಷ್ಟೋ ಸಲ ಒಂದು ಲೋಟ ಕಂದು ನೀರು ಸುರಿಯುತ್ತೆ. ಕೋಟಿಂಗ್ ಮಾಡ್ಸೋದಾದ್ರೆ ವೈರ್ ಬ್ರಷ್, ರಸ್ಟ್ ಕನ್ವರ್ಟರ್, ಎಪಾಕ್ಸಿ ಪ್ರೈಮರ್, ಆಮೇಲೆ ಅಂಡರ್‌ಕೋಟ್, ಈ ಸಾಲಲ್ಲೇ, ಅದೂ ಫೆಬ್ರವರಿ ಬಿಸಿಲಲ್ಲಿ. ಈಗ ಒದ್ದೆ ತುಕ್ಕಿನ ಮೇಲೆ ಟಾರ್ ಬಳಿಸಿದ್ರೆ ತುಕ್ಕಿಗೆ ಕಂಬಳಿ ಹೊದಿಸಿದ ಹಾಗೆ.

ಪ್ರಶ್ನೆ (ಹೊಸನಗರ): ಜಾಕ್ ಎತ್ತರ ಸಾಕಾಗಲ್ಲ ಅಂತ ಜಂಬಿಟ್ಟಿಗೆ ಮೇಲೆ ಇಟ್ಟು ಎತ್ತಿ, ಅಡಿಗೆ ಹೋಗಿ ಆಯಿಲ್ ಚೇಂಜ್ ಮಾಡ್ತೀನಿ. ಪರವಾಗಿಲ್ವಾ?

ಪರವಾಗಿಲ್ಲ ಅಲ್ಲ, ಇವತ್ತೇ ನಿಲ್ಸಿ. ಜಂಬಿಟ್ಟಿಗೆ ಗೋಡೇಲಿ ಗಟ್ಟಿ, ಭಾರ ಪೂರ್ತಿ ಹರಡಿಕೊಂಡಿರುತ್ತೆ. ಜಾಕಿನ ಪಾದದಷ್ಟು ಜಾಗದಲ್ಲಿ ಭಾರ ಕೂತ್ರೆ ಆ ತೂತು ತೂತು ಕಲ್ಲು ಹೇಳ್ದೆ ಕೇಳ್ದೆ ಸೀಳುತ್ತೆ, ಸಿಮೆಂಟ್ ಇಟ್ಟಿಗೆನೂ ಅಷ್ಟೇ. ಜಾಕ್ ಇರೋದು ಎತ್ತೋಕೆ, ಹೊತ್ಕೊಂಡು ನಿಲ್ಲೋಕೆ ಅಲ್ಲ. ಎತ್ತಿದ ಗಾಡಿನ ಹೊತ್ಕೊಂಡು ನಿಲ್ಲೋ ಆಕ್ಸಲ್ ಸ್ಟ್ಯಾಂಡ್ ಒಂದು ಜೊತೆ ತಗೊಳ್ಳಿ, ಮಣ್ಣಿನ ನೆಲ ಆದ್ರೆ ಅದರಡಿ ದಪ್ಪ ಹಲಗೆ ಹಾಕಿ, ಬಿಚ್ಚಿದ ಚಕ್ರ ಇದ್ರೆ ಅದನ್ನೂ ಬಾಡಿ ಅಡಿಗೆ ತಳ್ಳಿಡಿ. ಆ ಜಂಬಿಟ್ಟಿಗೆನ ಚಕ್ರಕ್ಕೆ ಅಡ್ಡ ಕೊಡಿ, ಅದಕ್ಕೆ ಅದು ಲಾಯಕ್ಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಸುವಾಗಲೂ ಹ್ಯಾಂಡ್‌ಬ್ರೇಕ್ ಎಳೀದೆ ಗೇರಲ್ಲಿಟ್ಟು ಅದನ್ನೇ ಅಡ್ಡ ಕೊಟ್ರೆ ಬ್ರೇಕ್ ಅಂಟೋದು ತಪ್ಪುತ್ತೆ.

ಪ್ರಶ್ನೆ (ಕೊಪ್ಪ): ಮಂಜಲ್ಲಿ ಏನೂ ಕಾಣಲ್ಲ. ಹೆಡ್‌ಲೈಟಿಗೆ ಬಿಳಿ ಎಲ್‌ಇಡಿ ಹಾಕಿಸ್ಲಾ?

ಹಾಕಿಸಿದ್ರೆ ಎದುರಿಗೆ ಬರೋನಿಗೂ ಕಾಣಲ್ಲ, ಅಷ್ಟೇ. ಹ್ಯಾಲೋಜನ್ ರಿಫ್ಲೆಕ್ಟರಲ್ಲಿ ಎಲ್‌ಇಡಿ ಬೆಳಕು ಚದುರುತ್ತೆ, ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತೆ. ಕೆಳಗೆ ಬಂಪರ್ ಮಟ್ಟದಲ್ಲಿ ಫಾಗ್ ಲೈಟ್ ಹಾಕಿಸಿ, ಮಂಜಲ್ಲಿ ಡಿಪ್ಪಲ್ಲೇ ಹೋಗಿ. ಹಳೇ ಗಾಡಿ ಆದ್ರೆ ಇಂಜಿನ್ ಚಾಲೂ ಇಟ್ಟು ಬ್ಯಾಟರಿ ಹತ್ರ ಒಂದ್ಸಲ, ಬಲ್ಬ್ ಹೋಲ್ಡರ್ ಹತ್ರ ಒಂದ್ಸಲ ಮಲ್ಟಿಮೀಟರ್ ಹಿಡೀರಿ, 1 ವೋಲ್ಟ್ ಕಮ್ಮಿ ಇದ್ರೆ ಹತ್ರಹತ್ರ ಕಾಲು ಭಾಗ ಬೆಳಕು ವೈರಲ್ಲೇ ಹೋಯ್ತು. ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಬಿಡೋ ಸ್ವಿಚ್ಚು) ಹಾಕಿ ದಪ್ಪ ವೈರ್ ಎಳೆಸಿದ್ರೆ ಅದೇ 60/55 ವ್ಯಾಟ್ ಬಲ್ಬು ಬೇರೆ ಥರ ಉರಿಯುತ್ತೆ.

ಪ್ರಶ್ನೆ (ವಿನೋಬನಗರ, ಶಿವಮೊಗ್ಗ): ಹೊಸ ಕಾರು, ಆದ್ರೂ 2 ವಾರ ಬಿಟ್ರೆ ಬ್ಯಾಟರಿ ಡೌನ್. ಬ್ಯಾಟರಿ ಬದಲಾಯಿಸ್ಲಾ?

ಈಗಿನ ಕಾರು ಆಫ್ ಆಗಿದ್ರೂ ಗಡಿಯಾರ, ಅಲಾರ್ಮು, ಕಂಪ್ಯೂಟರಿಗೆ ಸ್ವಲ್ಪ ಕರೆಂಟ್ ಎಳೀತಿರುತ್ತೆ. 50 ಮಿಲಿಆಂಪ್ ಅಂದ್ರೂ ದಿನಕ್ಕೆ 1.2 ಆಂಪ್‌ಅವರ್, 2 ವಾರಕ್ಕೆ 17ರ ಹತ್ರ, 35 ಆಂಪ್‌ಅವರ್ ಬ್ಯಾಟರಿಲಿ ಅರ್ಧ ಹೋಯ್ತಲ್ಲ. ಪೂರ್ತಿ ಚಾರ್ಜ್ ಮಾಡಿ ರಾತ್ರಿ ಬಿಟ್ಟು ಬೆಳಿಗ್ಗೆ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದ್ರೆ ಬ್ಯಾಟರಿ ಬಹುಶಃ ಚೆನ್ನಾಗಿದೆ, ನಿಂತಲ್ಲೇ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡೋ ಟ್ರಿಕಲ್ ಚಾರ್ಜರ್ ಒಂದು ತಂದ್ರೆ ಸಾಕು. ಜೊತೆಗೆ ಏರ್ ಫಿಲ್ಟರ್ ಡಬ್ಬಿನೂ ಒಮ್ಮೆ ತೆಗೆದು ನೋಡಿ. ಒಳಗೆ ನಾರು, ಕಾಗದದ ಚೂರು ಸಿಕ್ರೆ ಇಲಿ ಸಂಸಾರ ಹೂಡಿದೆ, ವೈರ್ ಕಡಿಯೋಕೆ ಮುಂಚೆ ಇವತ್ತು ರಾತ್ರಿನೇ ಬೋನು ಇಡಿ, ವಿಷ ಇಡ್ಬೇಡಿ, ಡ್ಯಾಶ್‌ಬೋರ್ಡ್ ಒಳಗೆ ಸತ್ರೆ ಆ ವಾಸನೆಗೆ ನನ್ನ ಹತ್ರ ಉತ್ತರ ಇಲ್ಲ.